ದೂರಪಾಠವೂ ಬೋಧಕನ ಧೈರ್ಯವೂ

2020ರ ಮಾರ್ಚ್ ತಿಂಗಳಲ್ಲಿ ನಾಡಿನ ಶಾಲೆಗಳು ಮುಚ್ಚಲ್ಪಟ್ಟಾಗ, ಕಪ್ಪುಹಲಗೆಯ ಮುಂದೆ ಎಂದೂ ಅಳುಕದ ಅನೇಕ ಅಧ್ಯಾಪಕರು ಮೊಬೈಲಿನ ಮುಂದೆ ಅಳುಕಿದರು. ಯಂತ್ರದ ಬಳಕೆಯಾದರೋ ಅಭ್ಯಾಸದಿಂದ ಕೈವಶವಾಗುವಂಥದು. ಆದರೆ ಪಾಠ ತಿಳಿಯಿತೋ ಇಲ್ಲವೋ ಎಂಬುದನ್ನು ಶಿಷ್ಯನ ಮುಖದಲ್ಲಿ ಓದಿಕೊಳ್ಳುವುದೇ ಬೋಧಕನ ಧೈರ್ಯದ ಮೂಲ. ದೂರಪಾಠದಲ್ಲಿ ಬತ್ತಿದುದು ಆ ಮೂಲವೇ.

ಶಿರಾಡಿ ಘಟ್ಟದ ತಪ್ಪಲಿನ ನೆಲ್ಯಾಡಿಯಂತಹ ಸೀಮೆಯಲ್ಲಿ ಈ ಕೊರತೆ ಇಮ್ಮಡಿಯಾಯಿತು. ಹೆದ್ದಾರಿಯ ಬದಿಯಲ್ಲಿ ದೊರೆಯುವ ಸಂಪರ್ಕವು ಗುಡ್ಡದ ಮರೆಯ ತೋಟದ ಮನೆಗೆ ಎಟುಕದು. 2021ರ ಜೂನ್ ಮಳೆಯಲ್ಲಿ, ನೆರೆಯ ಸುಳ್ಯ ತಾಲೂಕಿನ ಬಳ್ಳಕದ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ಕಂಡಿತು.

2020ರ ಜುಲೈಯಿಂದ ಚಂದನ ವಾಹಿನಿಯಲ್ಲಿ ಪ್ರಸಾರವಾದ ಪಾಠಗಳು ಮನೆ ತಲುಪಿದರೂ ಮರುಪ್ರಶ್ನೆ ಕೇಳಲಾರದಾದವು. ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮದಲ್ಲಿ ಅಧ್ಯಾಪಕರೇ ಮಕ್ಕಳಿದ್ದೆಡೆಗೆ ನಡೆದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ಸ್ಥಗಿತವಾಯಿತು.

ಆದುದರಿಂದ ಅಧ್ಯಾಪಕರ ತರಬೇತಿಯು ಗುಂಡಿ ಒತ್ತುವುದನ್ನು ಕಲಿಸಿದರೆ ಸಾಲದು. ಪಾಠವನ್ನು ಕಿರಿದುಗೊಳಿಸುವುದು, ಹೆಸರು ಹಿಡಿದು ಪ್ರಶ್ನಿಸುವುದು, ಅಂತರ್ಜಾಲವಿಲ್ಲದ ಮನೆಯ ಶಿಷ್ಯನನ್ನು ದೂರವಾಣಿಯಲ್ಲಿ ವಿಚಾರಿಸುವುದು ಇವೂ ಅದರ ಅಂಗವಾಗಬೇಕು. ಶಿಷ್ಯನ ಉತ್ತರ ಮರಳಿ ಬಂದಾಗಲೇ ಬೋಧನೆಯೆಂಬ ಕಾಯಕ ಪೂರ್ಣಗೊಳ್ಳುವುದು. ಬೋಧಕನ ಧೈರ್ಯವೂ ಅದರೊಡನೆಯೇ ಮರಳುವುದು.