ಎರಡನೇ ಆರ್ಡರ್ ಬರುವವರೆಗೆ ಗಂಟು ಬಿಚ್ಚಬೇಡ

ತಂಗೀ, ಅವ್ವನ ಕೈಯ ಶೇಂಗಾ ಚಟ್ನಿಪುಡಿಯನ್ನು ಆನ್‌ಲೈನ್‌ನಲ್ಲಿ ಮಾರಬೇಕು ಎಂದಿದ್ದೀಯ. ಕೂಡಿಟ್ಟ ಹದಿನೈದು ಸಾವಿರ ರೂಪಾಯಿ ಇದೆ, ಅದರಲ್ಲಿ ವೆಬ್‌ಸೈಟ್ ಮಾಡಿಸಲೋ, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಲೋ ಎಂದು ಕೇಳಿದ್ದೀಯ. ಸದ್ಯಕ್ಕೆ ಎರಡೂ ಬೇಡ.

ಹುಬ್ಬಳ್ಳಿ ಪೇಟೆಯಲ್ಲಿ ಕಿರಾಣಿ ವ್ಯಾಪಾರ ಮಾಡಿಯೇ ತಲೆ ನರೆತವನು ನಾನು. ಅಂಗಡಿ ಈಗ ಫೋನಿನೊಳಗೆ ಹೋಗಿದೆ, ಗಿರಾಕಿ ಮಾತ್ರ ಹಿಂದಿನವನೇ. ಮೊದಲ ಸಲ ಪರಿಚಯಕ್ಕೆ ಕೊಳ್ಳುತ್ತಾನೆ, ಎರಡನೇ ಸಲ ಮಾಲು ಚೆನ್ನಾಗಿದ್ದರಷ್ಟೇ ಬರುತ್ತಾನೆ. ನಿನ್ನ ಮೊದಲ ಆರ್ಡರುಗಳೆಲ್ಲ ಅತ್ತೆ, ಮಾವ, ಕಾಲೇಜಿನ ಗೆಳತಿಯರಿಂದ ಬರುತ್ತವೆ. ಅದನ್ನು ನೋಡಿ ಹಿಗ್ಗಿ ಸಾಲ ಮಾಡಬೇಡ. ನೀನು ನೆನಪಿಸದೆ, ಅವರಾಗಿಯೇ ಮತ್ತೆ ಕೇಳುವವರೆಗೆ ನೀನು ಮಾಡುತ್ತಿರುವುದು ಪರೀಕ್ಷೆ. ಅದನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ಮುಗಿಸುತ್ತೀಯೋ ಅಷ್ಟು ಒಳ್ಳೆಯದು.

ಸಾಮಾನು ಹೆಚ್ಚು ಮಾಡಬೇಡ. 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಫ್ಲಿಪ್‌ಕಾರ್ಟ್ ಕೂಡ ಮೊದಮೊದಲು ಮಾರಿದ್ದು ಪುಸ್ತಕಗಳನ್ನು ಮಾತ್ರ. ನಿನಗೆ ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ಈ ನಾಲ್ಕು ಚಟ್ನಿ ಸಾಕು. ಹಪ್ಪಳ, ಸಂಡಿಗೆ, ಕರದಂಟು ಎಲ್ಲ ಆಮೇಲೆ.

ಹದಿನೈದು ಸಾವಿರವನ್ನು ಹೀಗೆ ಹಂಚು. ಕಾಳು, ಬೆಳ್ಳುಳ್ಳಿ, ಮೆಣಸಿನಕಾಯಿಗೆ 4,000. ಪೌಚ್, ಲೇಬಲ್, ರಟ್ಟಿನ ಡಬ್ಬಿಗೆ 3,000. ಕೈಯಲ್ಲಿ ಒತ್ತುವ ಸೀಲಿಂಗ್ ಮಷಿನ್ ಮತ್ತು ಗ್ರಾಂ ತೋರಿಸುವ ತೂಕದ ಯಂತ್ರಕ್ಕೆ 3,000. ನೋಂದಣಿ, ಪಾರ್ಸೆಲ್ ಖರ್ಚಿಗೆ 2,500. ಉಳಿದ 2,500 ಮುಟ್ಟಬೇಡ. ಒಂದು ಸಲ ಮಾಡಿದ ಚಟ್ನಿ ಕೆಟ್ಟರೆ, ಪಾರ್ಸೆಲ್ ಒಡೆದರೆ ಅದು ಕೈ ಹಿಡಿಯುತ್ತದೆ. ಅಂಗಡಿಯ ಜಾಗಕ್ಕೆ ವಾಟ್ಸಾಪ್ ಬಿಸಿನೆಸ್ ಇದೆ, ಆ್ಯಪ್‌ಗೆ ದುಡ್ಡಿಲ್ಲ. ಅದರ ಕ್ಯಾಟಲಾಗ್‌ನಲ್ಲಿ ನಾಲ್ಕು ಫೋಟೊ, ತೂಕ, ಬೆಲೆ ಹಾಕು. ಕಿಟಕಿಯ ಪಕ್ಕ ಬೆಳಗಿನ ಬೆಳಕಿನಲ್ಲಿ ತೆಗೆದ ಫೋಟೊ ಸಾಕು.

ಇನ್ನು ಬೆಲೆ. ಮನೆಯಿಂದ ಮಾರುವವರು ಹೆಚ್ಚಾಗಿ ಕೈ ಸುಟ್ಟುಕೊಳ್ಳುವುದು ಇಲ್ಲಿಯೇ, ಆದ್ದರಿಂದ ಪೆನ್ನು ಹಿಡಿದು ಕುಳಿತುಕೋ. ಕಾಲು ಕಿಲೋ ಶೇಂಗಾ ಚಟ್ನಿಗೆ ಸಾಮಾನು 55 ರೂಪಾಯಿ, ಪೌಚ್ ಮತ್ತು ಲೇಬಲ್ 12, ಡಬ್ಬಿ 10, ಪಾರ್ಸೆಲ್ 60, ಹುರಿದು ಕುಟ್ಟಿದ್ದಕ್ಕೆ ಅವ್ವನ ಕೂಲಿ 20 ಎಂದು ಇಟ್ಟುಕೋ. ಒಟ್ಟು 157. ಪಾರ್ಸೆಲ್ ಖರ್ಚು ಸೇರಿಸಿ 150ಕ್ಕೆ ಮಾರಿದರೆ ಪ್ರತಿ ಪೊಟ್ಟಣಕ್ಕೂ 7 ರೂಪಾಯಿ ಕಳೆದುಕೊಳ್ಳುತ್ತೀಯ. ಅದೇ ನಾಲ್ಕು ಪೊಟ್ಟಣ ಒಂದೇ ಡಬ್ಬಿಯಲ್ಲಿ ಹೋಗಲಿ. ಸಾಮಾನು 220, ಪೌಚ್ 48, ದೊಡ್ಡ ಡಬ್ಬಿ 18, ಪಾರ್ಸೆಲ್ 90, ಕೂಲಿ 80. ಒಟ್ಟು 456. ಬೆಲೆ 600 ಇಟ್ಟರೆ 144 ರೂಪಾಯಿ ಉಳಿಯುತ್ತದೆ. ಅದೇ ಚಟ್ನಿ, ಅದೇ ದರ, ನಷ್ಟ ಹೋಗಿ ಲಾಭ ಬಂತು. ಹಾಗಾಗಿ ಬಿಡಿ ಪೊಟ್ಟಣ ಮಾರಬೇಡ, ನಾಲ್ಕರ ಕಟ್ಟು ಮಾಡಿ ಮಾರು. ನಿನ್ನ ಊರಿನ ದರಗಳನ್ನು ಹಾಕಿ ಈ ಲೆಕ್ಕವನ್ನು ನೀನೇ ಮತ್ತೊಮ್ಮೆ ಮಾಡು. ಅವ್ವನ ಕೂಲಿಯನ್ನು ಮಾತ್ರ ಎಂದೂ ಹೊಡೆದುಹಾಕಬೇಡ. ಮನೆಯವರ ದುಡಿಮೆಗೆ ಬೆಲೆ ಕಟ್ಟದೆ ತೋರಿಸುವ ಲಾಭ ಸುಳ್ಳು ಲಾಭ.

ಡಬ್ಬಿಯ ಅಳತೆಯಲ್ಲೂ ದುಡ್ಡಿದೆ. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 30, 20, 15 ಸೆಂಟಿಮೀಟರಿನ ಡಬ್ಬಿಯಲ್ಲಿ ಕಿಲೋ ಚಟ್ನಿ ಇಟ್ಟರೆ 1.8 ಕಿಲೋದ ದರ ಬೀಳುತ್ತದೆ. 20, 20, 12ರ ಡಬ್ಬಿಗೆ ಈ ಲೆಕ್ಕ 0.96 ಕಿಲೋ ಮಾತ್ರ. ಬೆಂಗಳೂರಿಗೆ ಹತ್ತಾರು ಆರ್ಡರ್ ಒಟ್ಟಿಗೆ ಸೇರಿದರೆ, ಸಾರಿಗೆ ಬಸ್ಸಿನ ‘ನಮ್ಮ ಕಾರ್ಗೋ’ದಲ್ಲಿ ಒಂದೇ ಗಂಟಾಗಿ ಕಳಿಸಿ, ಅಲ್ಲಿರುವ ಅಣ್ಣನಿಂದ ಹಂಚಿಸಬಹುದೇ ಎಂದೂ ಲೆಕ್ಕ ಹಾಕಿ ನೋಡು.

ಮಾಲು ಕೆಡದಂತೆ ನೋಡಿಕೊಳ್ಳುವುದು ಜಾಹೀರಾತಿಗಿಂತ ದೊಡ್ಡದು. ಶೇಂಗಾ, ಅಗಸಿ ಎಣ್ಣೆಕಾಳುಗಳು, ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತವೆ. ಬಿಸಿ ಆರುವ ಮುಂಚೆ ಪೌಚ್ ಮುಚ್ಚಿದರೆ ಒಳಗೆ ತೇವ ಕೂತು ಇನ್ನೂ ಬೇಗ ಕೆಡುತ್ತದೆ. ಬೆಳ್ಳುಳ್ಳಿಯ ಹಸಿಯನ್ನು ಪೂರ್ತಿ ತೆಗೆ. ಪ್ರತಿ ಸಲ ಮಾಡಿದ ಚಟ್ನಿಯಿಂದ ಎರಡು ಮೂರು ಪೊಟ್ಟಣ ತಾರೀಖು ಬರೆದು ಮನೆಯ ಕಪಾಟಿನಲ್ಲೇ ಇಡು. ಬೇರೆ ಬೇರೆ ವಾರ ಒಂದೊಂದನ್ನು ಒಡೆದು ಮೂಸಿ ನೋಡು, ನಾಲಿಗೆಗೆ ಹಚ್ಚಿ ನೋಡು. ಎಷ್ಟು ದಿನ ಬಾಳುತ್ತದೆ ಎಂದು ಲೇಬಲ್ ಮೇಲೆ ಹಾಕುವ ಮಾತು ಆ ಕಪಾಟಿನಿಂದ ಬರಬೇಕು, ಬೇರೆಯವರ ಪೊಟ್ಟಣ ನೋಡಿ ನಕಲು ಮಾಡಿದ್ದಾಗಬಾರದು.

ಕಾಗದಪತ್ರಕ್ಕೆ ಹೆದರಬೇಡ, ಬಿಡಲೂ ಬೇಡ. ಮನೆಯಲ್ಲಿ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕು. ನಿನ್ನಂಥ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಲಿ. ಜೊತೆಗೆ ಹೆಸರು, ವಿಳಾಸ, ಫೋನ್, ನಿವ್ವಳ ತೂಕ, ಎಂಆರ್‌ಪಿ, ಮಾಡಿದ ತಾರೀಖು, ಒಳಗಿನ ಪದಾರ್ಥಗಳು, ಸಸ್ಯಾಹಾರದ ಹಸಿರು ಗುರುತು. ಶೇಂಗಾ ಕೆಲವರ ಮೈಗೆ ಆಗುವುದಿಲ್ಲ, ಅದನ್ನು ಎದ್ದು ಕಾಣುವಂತೆ ಬರೆ. ಸಣ್ಣ ಉದ್ಯಮಗಳಿಗಿರುವ ‘ಉದ್ಯಮ್’ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಅದಕ್ಕೆ ಸಾವಿರ, ಎರಡು ಸಾವಿರ ಕೇಳುವ ತಾಣ ಕಂಡರೆ ಮುಚ್ಚಿಬಿಡು.

ಜಿಎಸ್‌ಟಿ ವಿಷಯದಲ್ಲಿ ಒಂದು ಗೆರೆ ನೆನಪಿಡು. ಕರ್ನಾಟಕದೊಳಗೆ ಸರಕು ಮಾರಿದರೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಪುಣೆಯ ಅಕ್ಕನಿಗೆ ಒಂದೇ ಪೊಟ್ಟಣ ಮಾರಿದರೂ ಅದು ರಾಜ್ಯದಾಚೆಗಿನ ಮಾರಾಟ, ಅದಕ್ಕೆ ಮೊದಲೇ ನೋಂದಣಿ ಬೇಕು. ನೋಂದಣಿಗೆ ಶುಲ್ಕವಿಲ್ಲ, ಆದರೆ ಆಮೇಲೆ ಮಾರಾಟ ಇರಲಿ ಇಲ್ಲದಿರಲಿ ರಿಟರ್ನ್ ಸಲ್ಲಿಸುತ್ತಿರಬೇಕು, ತಡವಾದರೆ ದಿನದ ಲೆಕ್ಕದಲ್ಲಿ ದಂಡ. ದೊಡ್ಡ ಆನ್‌ಲೈನ್ ತಾಣಗಳ ಮೂಲಕವೂ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲದೆ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಮಾರುವ ದಾರಿ ತೆರೆದಿದೆ. ಮೊದಲ ಆರು ತಿಂಗಳು ರಾಜ್ಯದ ಗಡಿ ದಾಟಬೇಡ. ಬೆಂಗಳೂರಿನಲ್ಲಿ ರೊಟ್ಟಿಗೆ ಚಟ್ನಿ ಹುಡುಕುವ ನಮ್ಮ ಕಡೆಯ ಜನವೇ ನಿನಗೆ ಸಾಕು.

ಹಣದ ವಿಷಯದಲ್ಲಿ ಕಟ್ಟುನಿಟ್ಟಾಗಿರು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ, ಮನೆಯ ಹಾಲಿನ ದುಡ್ಡು ಅದರಿಂದ ಹೋಗಬಾರದು. ಮೊದಲು ಹಣ, ಆಮೇಲೆ ಪಾರ್ಸೆಲ್. ಕ್ಯಾಶ್ ಆನ್ ಡೆಲಿವರಿ ಕೊಟ್ಟು, ಬಾಗಿಲಿನಲ್ಲಿ ಬೇಡವೆಂದರೆ ಹೋದ ಬಾಡಿಗೆ, ಬಂದ ಬಾಡಿಗೆ ಎರಡೂ ನಿನ್ನ ತಲೆಗೆ. ಹಣ ಬಂತೆಂದು ಸ್ಕ್ರೀನ್‌ಶಾಟ್ ಕಳಿಸಿದರೆ ನಂಬಬೇಡ, ಖಾತೆ ತೆರೆದು ನೋಡು. ಐವತ್ತು ಕಿಲೋ ಬೇಕು, ಹಣ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವನು ಕಳ್ಳ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಒಂದು ವೇಳೆ ಹಣ ಹೋದರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಕೊನೆಗೆ, ಒಂದು ನೋಟ್‌ಬುಕ್ ತಗೋ. ಮೊದಲ ಇಪ್ಪತ್ತು ಗಿರಾಕಿಗಳ ಹೆಸರು, ಕಳಿಸಿದ ದಿನ ಬರೆ. ತಲುಪಿದ ವಾರಕ್ಕೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಉಪ್ಪು ಹೆಚ್ಚಾಯಿತೇ, ಖಾರ ಕಡಿಮೆಯಾಯಿತೇ, ಪೌಚ್ ಸೋರಿತೇ ಎಂದು ಕೇಳು. ಚೆನ್ನಾಗಿದೆ ಎಂಬ ಮಾತಿಗೆ ಸಮಾಧಾನಪಡದೆ, ಯಾವ ಚಟ್ನಿ ಮೊದಲು ಖಾಲಿಯಾಯಿತು ಎಂದು ಕೇಳು, ನಿಜ ಗೊತ್ತಾಗುವುದು ಅದರಲ್ಲಿ. ಆಮೇಲೆ ಸುಮ್ಮನಿದ್ದು ನೋಡು. ಇಪ್ಪತ್ತರಲ್ಲಿ ಏಳೆಂಟು ಜನ ತಾವಾಗಿ ಮತ್ತೆ ಕೇಳಿದರೆ ಧೈರ್ಯವಾಗಿ ಮುಂದೆ ಹೋಗು. ವೆಬ್‌ಸೈಟ್ ಆಗ ಮಾಡಿಸು, ಬೇಕಾದರೆ ಬ್ಯಾಂಕಿನಲ್ಲಿ ಮುದ್ರಾ ಶಿಶು ಸಾಲ ಕೇಳು, 50,000ದವರೆಗೆ ಅಡಮಾನವಿಲ್ಲದೆ ಕೊಡುತ್ತಾರೆ. ಒಬ್ಬರೋ ಇಬ್ಬರೋ ಕೇಳಿದರೆ ರುಚಿ, ಬೆಲೆ, ಪ್ಯಾಕಿಂಗ್ ಯಾವುದರಲ್ಲಿ ಕೊರತೆಯಿದೆ ಎಂದು ಹುಡುಕಿ ಸರಿಮಾಡಿ, ಇನ್ನೊಂದು ಇಪ್ಪತ್ತು ಜನಕ್ಕೆ ಕಳಿಸು. ಆಗಲೂ ನಿನ್ನ ಗಂಟಿನಲ್ಲಿ ಸ್ವಲ್ಪ ರೊಕ್ಕ, ಮೈಯಲ್ಲಿ ಹುರುಪು ಉಳಿದಿರುತ್ತದೆ. ಸಣ್ಣದಾಗಿ ಶುರು ಮಾಡು ಎಂದು ಹೇಳುತ್ತಿರುವುದು ಇದಕ್ಕಾಗಿಯೇ, ತಂಗೀ.