ಹೊಲಕ್ಕೆ ಉಪ್ಪು ಎಲ್ಲಿಂದ ಬಂತು?

ಅಕ್ಕ-ತಂಗಿಯರೇ, ನವಲಗುಂದ, ಅಣ್ಣಿಗೇರಿ ಕಡೆ ಭೂಮಿ ಎಂಥಾದ್ದು? ಕರೀ ಎರೆಭೂಮಿ. ಮೊದಲು ಇಲ್ಲಿ ಮಳೆಯೇ ಆಧಾರ. ಜೋಳ, ಹತ್ತಿ, ಕಡಲೆ, ಕುಸುಬಿ ಬೆಳೆಯುತ್ತಿದ್ದರು. ಮಳೆ ಹೋದರೆ ಬರ.

1970ರ ದಶಕದಲ್ಲಿ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭಾ ಹೊಳೆಗೆ ಆಣೆಕಟ್ಟು ಆಯಿತು. ಕಾಲುವೆ ನೀರು ನವಲಗುಂದ ಭಾಗದ ಹೊಲಗಳಿಗೆ ಬಂತು. ಜನ ಹಿಗ್ಗಿದರು. ಆದರೆ ಕೆಲವು ವರ್ಷಗಳಲ್ಲಿ ಕೆಲವು ಹೊಲ ಜವಳಾದವು. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಕಂಡಿತು. ಬಿತ್ತಿದ ಬೀಜ ಸರಿಯಾಗಿ ಹುಟ್ಟಲಿಲ್ಲ.

“ಉಪ್ಪು ಯಾರು ಚೆಲ್ಲಿದರವ್ವಾ?” ಎಂದು ಕೇಳುತ್ತೀರಾ? ಯಾರೂ ಚೆಲ್ಲಲಿಲ್ಲ. ಅದು ಭೂಮಿಯ ಹೊಟ್ಟೆಯಾಗೇ ಇತ್ತು.

ಎರೆಮಣ್ಣಿನಾಗ ನೀರು ಬೇಗ ಬಸಿದು ಹೋಗುವುದಿಲ್ಲ. ಹೆಚ್ಚು ನೀರು ಬಿಟ್ಟರೆ ಕೆಳಗೆ ನಿಲ್ಲುತ್ತದೆ. ವರ್ಷ ವರ್ಷ ಮೇಲೇರುತ್ತದೆ. ಒಳಗಿನ ಉಪ್ಪು ಅದರಾಗ ಕರಗುತ್ತದೆ. ಬಿಸಿಲಿಗೆ ನೀರು ಆರುತ್ತದೆ. ಉಪ್ಪು ಮೇಲೆ ಉಳಿಯುತ್ತದೆ. ಉಪ್ಪುನೀರು ಕುದಿಸಿದ ಪಾತ್ರೆ ನೋಡಿರಿ. ನೀರೆಲ್ಲ ಆರಿದರೆ ತಳದಾಗ ಉಪ್ಪು ಉಳಿಯುತ್ತದೆ. ಹೊಲದಾಗೂ ಹಾಗೇ. ಉಪ್ಪು ಹೆಚ್ಚಾದ ಮಣ್ಣಿನಿಂದ ಬೇರು ನೀರು ಹೀರಲಾರದು. ಹಸಿ ಇದ್ದರೂ ಪೈರು ಬಾಡುತ್ತದೆ. ಇದಕ್ಕೆ ಸವಳು ಎನ್ನುತ್ತಾರೆ.

ನೀರಿನ ದಾರಿಯನ್ನು ಮನುಷ್ಯರು ಬದಲಿಸಿದರು. ಅದರಿಂದ ಮಣ್ಣೂ ಬದಲಾಯಿತು.

ಹೊಲ ಸವಳಾದರೆ ಕಳೆ ತೆಗೆಯುವ ಕೂಲಿ ಹೋಯಿತು. ದನಕ್ಕೆ ಕಣಕಿ ಹೋಯಿತು. ಮನೆಗೆ ಸಾಲ ಬಂತು. 1980ರಲ್ಲಿ ಮಲಪ್ರಭಾ ಕಾಲುವೆ ಭಾಗದ ರೈತರು ಅಭಿವೃದ್ಧಿ ಕರದ ವಿರುದ್ಧ ಚಳವಳಿ ಮಾಡಿದರು. ಹೊಲ ಕೆಟ್ಟದ್ದೂ ಅವರ ದೂರಾಗಿತ್ತು. ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಯಿತು. ರೈತರು ಜೀವ ಕಳೆದುಕೊಂಡರು.

ಹಾಗಾದರೆ ನೀರೇ ಬೇಡವೇ? ನೀರು ಬೇಕು. ಆದರೆ ಹಿತಮಿತ ಇರಬೇಕು.

• ಬೆಳೆಗೆ ಬೇಕಾದಷ್ಟೇ ನೀರು ಬಿಡಿರಿ. ರಾತ್ರಿಯೆಲ್ಲ ಹರಿಯಬಿಡಬೇಡಿರಿ.
• ಹೆಚ್ಚಿನ ನೀರು ಹಳ್ಳ ಸೇರಲು ಬಸಿಗಾಲುವೆ ತೋಡಿಸಿರಿ. ಕರಗಿದ ಉಪ್ಪೂ ಅದರ ಕೂಡ ಹೋಗುತ್ತದೆ. ಒಬ್ಬರ ಹೊಲದ ನೀರು ಇನ್ನೊಬ್ಬರ ಹೊಲ ದಾಟಬೇಕು. ಅದಕ್ಕೆ ಅಕ್ಕಪಕ್ಕದವರೆಲ್ಲ ಕೂಡಿ ಮಾಡಬೇಕು.
• ತಿಪ್ಪೆ ಗೊಬ್ಬರ, ಹಸಿರು ಗೊಬ್ಬರ ಹಾಕಿರಿ.
• ಮಣ್ಣು ಪರೀಕ್ಷೆ ಮಾಡಿಸಿರಿ. ಕೆಲವು ಹೊಲಕ್ಕೆ ಜಿಪ್ಸಂ ಬೇಕು, ಕೆಲವಕ್ಕೆ ಬೇಡ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಹೊಲದಾಗ ಮೊದಲ ಬಿಳಿ ಕಲೆ ಕಾಣುವುದು ಕಳೆ ತೆಗೆಯುವ ಹೆಣ್ಣುಮಕ್ಕಳಿಗೇ. ಕಂಡ ದಿನವೇ ಮನೆಯಲ್ಲಿ ಹೇಳಿರಿ. ಸಂಘದ ಸಭೆಯಲ್ಲೂ ಹೇಳಿರಿ.

ಕೂಡಿ ಮಾತಾಡಿರಿ:
1. ಉಪ್ಪು ಮಣ್ಣಿನ ಮೇಲೆ ಹೇಗೆ ಬಂತು?
2. ನಿಮ್ಮೂರಾಗ ಸವಳು ಹೊಲ ಇದೆಯೇ? ಮೊದಲು ಅಲ್ಲಿ ಏನು ಬೆಳೆಯುತ್ತಿತ್ತು?
3. ಅಲ್ಲಿ ಬಸಿಗಾಲುವೆ ಮಾಡಲು ಯಾರು ಯಾರು ಕೂಡಬೇಕು?