ಎರೆಹೊಲದ ಬಿಳಿ ಪದರಕ್ಕೆ ಯೂರಿಯಾ ಮದ್ದಲ್ಲ

ಕಾಗವಾಡದ ರೈತ ಸಹೋದರರೇ, ಬೇಸಿಗೆಯಲ್ಲಿ ಹೊಲದ ಮೇಲೆ ಬಿಳಿ ಪದರ, ತಗ್ಗಿನಲ್ಲಿ ಕಬ್ಬಿನ ಎಲೆತುದಿ ಸುಡುವುದು, ಯೂರಿಯಾ ಹೆಚ್ಚಿಸಿದರೂ ಇಳುವರಿ ಇಳಿಯುವುದು: ನೀವು ಬರೆದಿರುವುದೆಲ್ಲ ಸವಳು-ಜವಳಿನ ಲಕ್ಷಣ. ಕೊರತೆ ಗೊಬ್ಬರದ್ದಲ್ಲ, ನೀರೇ ಹೆಚ್ಚಾಗಿದೆ.

ಕೃಷ್ಣೆಯ ದಂಡೆಯ ಆಳ ಎರೆಮಣ್ಣಿನಲ್ಲಿ ಜೇಡಿ ಹೆಚ್ಚು. ಒಣಗಿದರೆ ಕೈ ಹೋಗುವಷ್ಟು ಬಿರುಕು. ನೆನೆದರೆ ಉಬ್ಬಿ ಸಂದುಗಳೆಲ್ಲ ಮುಚ್ಚುತ್ತವೆ. ವರ್ಷವಿಡೀ ನೀರು ಹಾಯಿಸಿದರೆ ಅದು ಬಸಿದು ಹೊರಹೋಗದೆ ಅಂತರ್ಜಲ ಮೇಲೇರುತ್ತದೆ. ಬಿಸಿಲು ನೀರನ್ನಷ್ಟೇ ಒಯ್ದು, ಉಪ್ಪನ್ನು ಬೇರಿನ ಬಳಿ ಬಿಡುತ್ತದೆ. ಆಗ ಹೊಲ ಹಸಿಯಿದ್ದರೂ ಬೇರಿಗೆ ನೀರು ಎಳೆದುಕೊಳ್ಳಲಾಗದು. ಮಡ್ಡಿ ಹೊಲದಲ್ಲಿ ನೀರು ಬೇಗ ಬಸಿಯುತ್ತದೆ. ಅಲ್ಲಿಯ ರೈತರ ನೀರಿನ ಲೆಕ್ಕ ನಿಮಗೆ ಹೊಂದದು.

ಜಿಪ್ಸಂ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬಿಳಿ ಪದರವನ್ನಷ್ಟೇ ಕೆರೆದು ಒಯ್ಯಬೇಡಿ. ಮೂರಡಿ ಆಳದವರೆಗೆ ಅಡಿಗೊಂದರಂತೆ ಬೇರೆ ಬೇರೆ ಚೀಲ ಕಟ್ಟಿ. ರಸಸಾರ 8.5 ಮೀರಿ ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಸರಿ. ಬರೀ ಲವಣವಿದ್ದರೆ ಜಿಪ್ಸಂ ದಂಡದ ಖರ್ಚು. ಆ ಲವಣವನ್ನು ಸಿಹಿನೀರಿನಿಂದ ತೊಳೆದು ಹೊರಹಾಕಬೇಕು. ಬಸಿಗಾಲುವೆ ಇಲ್ಲದಿದ್ದರೆ ಎರಡೂ ವ್ಯರ್ಥ. ನಿಮ್ಮ ತಾಲ್ಲೂಕಿನ ಉಗಾರ ಬುದ್ರುಕದಲ್ಲಿ ನೀರು ಬಸಿಯಲು ನೆಲದಡಿ ತೂತಿನ ಪೈಪು ಹಾಕಿದ್ದಾರೆ, ಹೋಗಿ ನೋಡಿ. ಬಸಿದ ನೀರಿಗೆ ಹಳ್ಳದ ದಾರಿ ಬೇಕು, ಅದಕ್ಕೆ ಅಕ್ಕಪಕ್ಕದವರೂ ಕೂಡಬೇಕು. (ಮಣ್ಣು ತಿದ್ದುವುದಕ್ಕಿಂತ ಇದೇ ಕಷ್ಟ!)

ಸದ್ಯಕ್ಕೆ ರವದಿ ಸುಡಬೇಡಿ. ಕುಳೆ ತೆಗೆದ ಮೇಲೆ ಹಸಿರು ಗೊಬ್ಬರಕ್ಕೆ ಡಯಂಚಾ ಬಿತ್ತಿ, ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಮುಂದಿನ ಕಬ್ಬಿಗೆ ಹನಿ ನೀರಾವರಿ ಮಾಡಿ. ಪರೀಕ್ಷೆಯ ವರದಿ ಬರುವವರೆಗೆ ಹೆಚ್ಚುವರಿ ಯೂರಿಯಾ ಚೀಲ ಕೊಳ್ಳಬೇಡಿ.